ಕುದುರೆಮುಖದ ತುದಿಗೆ ಎರಡು ಸ್ಟೀಲ್ ಪೈಪು

ಕಳೆದ ವರ್ಷದ ಅಕ್ಟೋಬರ್. ನಾನು ಆಗ ಉಡುಪಿಯ ಒಂದು ಚಾರಣ ಸಂಸ್ಥೆಯಲ್ಲಿ ಗೈಡ್. ಊರು ಕಾರ್ಕಳ, ವಯಸ್ಸು ಇಪ್ಪತ್ತಾರು, ಎತ್ತರ ಐದಡಿ ಮೂರಿಂಚು. ಕುದುರೆಮುಖದ ನೆತ್ತಿಯ ಮೇಲೆ ನಿಂತರೂ ಗುಂಪಿನಲ್ಲಿ ನಾನೇ ಗಿಡ್ಡ. ನನಗೆ ಬರುವ ಒಂದೇ ವಿದ್ಯೆ ಮಿಮಿಕ್ರಿ. ಬಸ್ ಕಂಡಕ್ಟರ್‌ನಿಂದ ನಮ್ಮ ಧಣಿ ಸುಧಾಕರಣ್ಣನವರೆಗೆ ಯಾರ ದನಿಯನ್ನೂ ಬಿಟ್ಟವನಲ್ಲ.

ಆ ದಿನದ ತಂಡ ಮಣಿಪಾಲದ ಒಂದು ಕಚೇರಿಯದು. ಹದಿನೆಂಟು ಮಂದಿ, ಮುಂದಾಳು ಪ್ರಕಾಶ್ ಸರ್. ಶಿಖರದಲ್ಲಿ ಕಚೇರಿಯ ಬ್ಯಾನರ್ ನಿಲ್ಲಿಸಿ ಫೋಟೊ ತೆಗೆಯಬೇಕೆಂಬ ಹಟಕ್ಕೆ ಆರಡಿಯ ಎರಡು ಸ್ಟೀಲ್ ಪೈಪ್ ತಂದಿದ್ದರು. ಹೊರುವವನು ಮಾತ್ರ ಹನುಮಂತ. ಬಾಗಲಕೋಟೆ ಕಡೆಯವನು, ಕಟ್ಟಡದ ಕೆಲಸವಿಲ್ಲದ ದಿನ ನಮ್ಮಲ್ಲಿ ಹೊರೆ ಹೊರುತ್ತಿದ್ದ. ಬೆಳಿಗ್ಗೆಯೇ ನಾನು ಪೈಪ್ ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಪ್ರಕಾಶ್ ಸರ್ ನಡೆಯುವ ಹಾಗೆ ನಡೆದು ಅವರನ್ನೇ ನಗಿಸುವುದರಲ್ಲಿ ಮುಳುಗಿದ್ದೆ.

ಹನ್ನೆರಡೂವರೆಗೆ ಮೋಡ ಕವಿಯಿತು. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸುವುದು ನಮ್ಮ ಲೆಕ್ಕ. ಮೂವತ್ತಕ್ಕಿಂತ ಕಡಿಮೆಯಾದರೆ ಬಯಲಲ್ಲಿ ನಿಲ್ಲಬಾರದು. ನಾನು ಎಣಿಸಿದ್ದು ಇಪ್ಪತ್ತೆರಡು.

"ಸರ್, ಇಲ್ಲಿಂದಲೇ ವಾಪಸ್. ಮೇಲೆ ಒಂದು ಮರವೂ ಇಲ್ಲ, ಸಿಡಿಲಿಗೆ ನಾವೇ ಮರ."

"ಇದು ಯಾರ ವಾಯ್ಸ್ ಮಾರಾಯ? ಹವಾಮಾನ ವರದಿಯವರದ್ದಾ?" ಎಂದರು ಪ್ರಕಾಶ್ ಸರ್. ಹದಿನೆಂಟು ಮಂದಿಯೂ ನಕ್ಕರು.

ವಾಕಿಟಾಕಿಯಲ್ಲಿ ಧಣಿಯನ್ನು ಕರೆದೆ. ಅವರು ಬೆಟ್ಟದ ಬುಡದಲ್ಲಿ, ಜೀಪಿನೊಳಗೆ ಬನ್ಸ್ ತಿನ್ನುತ್ತಿದ್ದರು. "ಹತ್ತು ನಿಮಿಷದ್ದು ಎಂತ ಉಂಟು? ಫೋಟೊ ತೆಗೆದು ಇಳೀಲಿ. ನೀನು ಗಿರಾಕಿಗಳನ್ನು ಹೆದರಿಸ್ಬೇಡ." ಸಿಡಿಲೇನು ಅವರ ಸೋದರಳಿಯನೇ, ಹತ್ತು ನಿಮಿಷ ಕಾದು ನಿಲ್ಲಲಿಕ್ಕೆ?

ತಂಡ ಮೇಲೇರಿತು. ಮಂಜಿನಲ್ಲಿ ಎಲ್ಲರಿಗಿಂತ ಮುಂದೆ ಹನುಮಂತ, ಹೆಗಲ ಮೇಲೆ ಆ ಪೈಪು. ಮುಂದಿನ ಎಣಿಕೆ ಒಂಬತ್ತಕ್ಕೆ ನಿಂತಿತು. ಕೂಗಿದೆ, ನಕ್ಕರು. ಮತ್ತೆ ಕೂಗಿದೆ, ಯಾರೋ ಚಪ್ಪಾಳೆ ತಟ್ಟಿದರು. ನನ್ನ ಸ್ವಂತ ದನಿಗೆ ಅಲ್ಲಿ ಬೆಲೆಯೇ ಇರಲಿಲ್ಲ, ಅದಕ್ಕೆ ಅರ್ಧ ಕಾರಣ ನಾನೇ.

ನಾವು ಏರಿದ ಬೆಟ್ಟದ ಏಣು ದಾಟಿದ ಮೇಲೆ ಬುಡದಲ್ಲಿದ್ದ ಧಣಿಯ ವಾಕಿಟಾಕಿಗೆ ನಮ್ಮ ಸಿಗ್ನಲ್ ತಲುಪುವುದಿಲ್ಲ. ಅದು ನನಗೆ ಗೊತ್ತು, ತಂಡದವರಿಗೆ ಗೊತ್ತಿಲ್ಲ. ಬಂಡೆಯ ಹಿಂದೆ ಕೂತು, ಗಂಟಲು ಕೆರೆದು, ಮುಂದಾಳೆಂದು ಪ್ರಕಾಶ್ ಸರ್ ಕೈಗೆ ಕೊಟ್ಟಿದ್ದ ಇನ್ನೊಂದು ವಾಕಿಟಾಕಿಗೆ ಧಣಿಯ ದನಿಯಲ್ಲಿ ಗದರಿಸಿದೆ: "ಯಾರ್ರೀ ಅದು ಮೇಲೆ ಹೋಗುವುದು? ಎಲ್ಲರೂ ಈಗಲೇ ಇಳೀಬೇಕು! ಹನುಮಂತಾ, ಪೈಪ್ ಬಿಸಾಡು!"

ವಾಕಿಟಾಕಿಯ ದನಿ ಮುಂದಿದ್ದ ಹನುಮಂತನವರೆಗೂ ಕೇಳಿಸಿತು. ಪೈಪುಗಳು ಠಣಠಣ ಉರುಳಿದವು. ಹದಿನೆಂಟು ಮಂದಿಯೂ ಶಾಲಾ ಮಕ್ಕಳಂತೆ ತಿರುಗಿದರು. ಕೆಳಗಿನ ತಗ್ಗಿಗೆ ತಲುಪಿ ಕುಕ್ಕರಗಾಲಲ್ಲಿ ಕೂರುವಷ್ಟರಲ್ಲಿ ಶಿಖರ ಬೆಳ್ಳಗಾಯಿತು. ಎಣಿಸಲು ಸೆಕೆಂಡೇ ಇರಲಿಲ್ಲ. ಆಮೇಲೆ ಬಹಳ ಹೊತ್ತು ಯಾರೂ ನಗಲಿಲ್ಲ.

ಬುಡದಲ್ಲಿ ಪ್ರಕಾಶ್ ಸರ್ ಧಣಿಯ ಎರಡೂ ಕೈ ಹಿಡಿದರು. "ನೀವು ಸರಿಯಾದ ಹೊತ್ತಿಗೆ ಹೇಳಿದಿರಿ, ಇಲ್ಲದಿದ್ದರೆ ನಾವು ಇರುತ್ತಿರಲಿಲ್ಲ."

ಧಣಿ ಅರೆಕ್ಷಣ ನನ್ನ ಮುಖ ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು. ಗಂಟಲು ಕೆರೆದರು. "ಸೇಫ್ಟಿ ಫಸ್ಟ್ ಅಲ್ವಾ ಸರ್?"

ನನಗೆ ಮೈಯೆಲ್ಲ ಉರಿಯಿತು. ಈ ಸಿಟ್ಟು ನನಗೆ ಹೊಗಳಿಕೆ ಸಿಗಲಿಲ್ಲವೆಂದಲ್ಲ (ಸ್ವಲ್ಪ ಅದೂ ಇತ್ತು). ಹೊರೆ ಹೊತ್ತವನನ್ನು "ನಿನಗೇನಾದರೂ ಆಯಿತಾ?" ಎಂದು ಅಲ್ಲಿ ಒಬ್ಬರೂ ಕೇಳಲಿಲ್ಲವಲ್ಲ, ಅದಕ್ಕೆ.

ಜೀಪಿನ ಹಿಂದೆ ಹನುಮಂತ ಒದ್ದೆ ಅಂಗಿ ಹಿಂಡುತ್ತಿದ್ದ. "ಧಣಿ ದನಿ ಕೇಳಿ ನೀನೂ ಹೆದರಿದೆಯಾ?" ಎಂದೆ.

"ಹೆದರಿದ್ದು ಅವ್ರು ರೀ ಅಣ್ಣಾರ. ನನಗ ನೀವ ಅಂತ ಗೊತ್ತಾತು. ಧಣ್ಯಾರು ನನ್ನ ಹೆಸರು ಹಿಡದು ಯಾವಾಗ ಕರದಾರ? 'ಏ ಲಗೇಜು' ಅಂತಾರ. ನೀವ ಅಂತ ಗೊತ್ತಾಗಿದ್ದಕ್ಕ ಪೈಪು ಒಗದ್ನಿ."

ಆ ಕೆಲಸ ಬಿಟ್ಟೆ, ಬೆಟ್ಟ ಬಿಟ್ಟಿಲ್ಲ. ಈಗ ಹತ್ತುವ ಮೊದಲು ನನ್ನದೇ ದನಿಯಲ್ಲಿ, ಒಂದೂ ತಮಾಷೆ ಮಾಡದೆ, ಹಾಜರಿ ಕೂಗುತ್ತೇನೆ. ಮೊದಲ ಹೆಸರು ಹೊರೆ ಹೊರುವವನದು.