ಅವ್ವನ ಮೈಬಣ್ಣ

ತೊಂಬತ್ತರ ದಶಕದ ಕೊನೆಯಲ್ಲಿ ಅಣ್ಣ ನರಸೀಪುರದಲ್ಲಿ ಮನೆ ಕಟ್ಟಿಸಿದ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ ಅವನು. ಗೃಹಪ್ರವೇಶಕ್ಕೆ ತಿಂಗಳಿರುವಾಗ ನಾನೂ ಅವ್ವನೂ ಇದ್ದ ದೇವನೂರಿಗೆ ಬಂದು, ಹಾಲ್‌ನಲ್ಲಿ ಹಾಕಲು ಅವ್ವನದೊಂದು ಆಯಿಲ್ ಪೇಂಟಿಂಗ್ ಬರೆದುಕೊಡು ಎಂದ. ಅವನ ತಂಗಿ, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರಾಗಿದ್ದ ನನಗೆ ಹಿಗ್ಗೋ ಹಿಗ್ಗು. ಹೊರಡುವಾಗ ಮೆಲ್ಲಗೆ ಸೇರಿಸಿದ:

"ಬಣ್ಣ ಒಸಿ ತಿಳಿ ಮಾಡವ್ವ. ಸೀರೆನೂ ರೇಷ್ಮೇದೇ ಆಗ್ಲಿ. ಆಫೀಸ್ನೋರೆಲ್ಲ ಬತ್ತರೆ."

ಸಿಟ್ಟು ನೆತ್ತಿಗೇರಿತು. ಆದರೆ ನನ್ನ ಕೈಯೂ ಸಾಚಾ ಅಲ್ಲ. ಮರುದಿನ ಅವ್ವನನ್ನು ಜಗುಲಿಯಲ್ಲಿ ಕೂರಿಸಿಕೊಂಡಾಗ, ಕಲಿತ ಅಭ್ಯಾಸದಂತೆ ಮೊದಲು ಹಿಂಡಿದ್ದು 'ಫ್ಲೆಶ್ ಟಿಂಟ್' ಟ್ಯೂಬನ್ನೇ. ಮೈಬಣ್ಣ ಎಂದು ಅದರ ಹೆಸರು. ಒಳಗಿರುವುದು ನಮ್ಮೂರಲ್ಲಿ ಯಾರ ಮೈಮೇಲೂ ಇಲ್ಲದ ಗುಲಾಬಿ. ಸಂಜೆ ಅವ್ವ ಎದ್ದುಬಂದು ನೋಡಿದಳು.

"ಯಾರವ್ವ ಇವ್ಳು? ಇವ್ಳ ಗದ್ದೇಲಿ ನಾನು ಕೂಲಿಗೆ ನಾಟಿ ಆಕಿದ್ದೆ ಅಂತ ಕಾಣ್ತದೆ."

ನಾಚಿಕೆಯಿಂದ ಕುಗ್ಗಿಹೋದೆ. ಅಷ್ಟನ್ನೂ ಚಾಕುವಿನಲ್ಲಿ ಕೆರೆದು ತೆಗೆದೆ. ಆ ಟ್ಯೂಬನ್ನು ಮತ್ತೆ ಮುಟ್ಟಲಿಲ್ಲ.

ಕಪ್ಪು ಮೈ ಎಂದರೆ ಕಪ್ಪು ಬಳಿಯುವುದಲ್ಲ. ಹಣೆಯಲ್ಲಿ ಬೆಳಕು ಬಿದ್ದ ಕಡೆ ನೀಲಿ ಇಣುಕುತ್ತದೆ, ಕಿವಿಯ ಅಂಚಿನಲ್ಲಿ ಕೆಂಪು, ಕೊರಳ ನೆರಳಿನಲ್ಲಿ ನೇರಳೆ. ಇನ್ನು ಸೀರೆ. ರೇಷ್ಮೆಯಾದರೆ ಹೊಳಪಿನ ನಾಲ್ಕು ಗೆರೆ ಎಳೆದು ಕಣ್ಣಿಗೆ ಮಣ್ಣೆರಚಬಹುದು. ಒಗೆದೊಗೆದು ಸವೆದ ನೂಲಿನ ಸೀರೆ ಹಾಗಲ್ಲ. ಅದರ ಒಂದೊಂದು ಮಡಿಕೆಯೂ ದಿನಗಟ್ಟಲೆ ಕಾಡಿತು. ಮೊಣಕಾಲಿನ ಹತ್ತಿರದ ತೇಪೆಯನ್ನೂ ಬಿಡದೆ ಬರೆದೆ.

ಗೃಹಪ್ರವೇಶದ ಹಿಂದಿನ ದಿನ ಚಿತ್ರವನ್ನು ದುಪ್ಪಟಿಯಲ್ಲಿ ಸುತ್ತಿ ನಾನೂ ಅವ್ವನೂ ಬಸ್ಸಿನಲ್ಲಿ ಒಯ್ದೆವು. ಬಿಚ್ಚಿದ ಕೂಡಲೇ ಅಣ್ಣನ ಮುಖ ಹುಳ್ಳಗಾಯಿತು.

"ನಿನ್ನ ಓದ್ಸಿದ್ದು ಇದಕ್ಕಾ?"

"ಇದಕ್ಕೇ."

"ಸರಿ, ರೂಮಲ್ಲಿರ್ಲಿ."

"ಆಕಿದ್ರೆ ಹಾಲ್‌ನಲ್ಲಿ ಆಕು. ಇಲ್ಲಾಂದ್ರೆ ವಾಪಸ್ ತಗೊಂಡೋಯ್ತೀನಿ" ಎಂದೆ. ಅಲ್ಲಿಯವರೆಗೆ ಅವನೆದುರು ನಾನು ದನಿ ಎತ್ತಿದವಳಲ್ಲ.

ಅವ್ವ ಮಾತ್ರ ತಣ್ಣಗೆ ಕೂತಿದ್ದಳು.

"ಎಲ್ಲಿಗಾರೂ ಆಕು ಮಗ. ನಾಳೆ ನಿಮ್ಮಾಫೀಸ್ನೋರು ಬಂದಾಗ ನಾನೂ ಅದ್ರ ಜತೆ ರೂಮಲ್ಲೇ ಇರ್ತೀನಿ. ಮಕ ಒಂದೇ ಅಲ್ವಾ?"

ಅಣ್ಣ ಸುತ್ತಿಗೆ, ಮೊಳೆ ತಂದು, ಹಾಲ್‌ನ ಗೋಡೆಗೆ ಸ್ಟೂಲ್ ಎಳೆದು ಹತ್ತಿದ. ಮೊಳೆ ಇಟ್ಟು, ಇಷ್ಟೆತ್ತರ ಸಾಕೇ ಎಂಬಂತೆ ನನ್ನತ್ತ ನೋಡಿದ. ಕನಿಕರ ಬರಬೇಕಿತ್ತು, ಬರಲಿಲ್ಲ.

"ಇನ್ನೂ ಮೇಲೆ ಒಡಿ" ಎಂದೆ. "ಬಾಗಿಲು ತೆಗೆದ್ರೆ ಮೊದ್ಲು ಅವ್ವನೇ ಕಾಣ್ಬೇಕು."