ಅಮರಾವತಿ ದಡದ ಮನೆಯೊಳಗಿನ ಹುತ್ತ

ನಮ್ಮವರಿಗೆ ಕೊಯಮತ್ತೂರಿನಿಂದ ಮಡತ್ತುಕುಳಂ ಹೈಸ್ಕೂಲಿಗೆ ವರ್ಗವಾದಾಗ ನನ್ನ ಮದುವೆಯಾಗಿ ಕೆಲವು ವರ್ಷ ಕಳೆದಿದ್ದವು. ಮಕ್ಕಳಾಗಿರಲಿಲ್ಲ. ಅವರು ವಿಜ್ಞಾನದ ಮೇಷ್ಟ್ರು. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಪಾತ್ರೆ ಸಾಗಿಸಿ ನಮ್ಮ ಅತ್ತೆಗೆ ಬೇಸರ ಬಂದುಬಿಟ್ಟಿತ್ತು. "ಈ ಸಲ ಸ್ವಂತದ್ದೇ ನೋಡಪ್ಪ. ಹಳೇದಾದ್ರೂ ಪರವಾಗಿಲ್ಲ" ಎಂದು ಮಗನಿಗೆ ಹೇಳಿದರು.

ಹಾಗೆ ಸಿಕ್ಕಿದ್ದು ಅಮರಾವತಿ ಹೊಳೆಯ ಪಕ್ಕದ ಬೀದಿಯ ಒಂದು ಮನೆ. ಮಣ್ಣಿನ ಗೋಡೆಗೆ ಸುಣ್ಣದ ಗಾರೆ, ತಾಳೆಮರದ ತೊಲೆ, ನಾಡಹೆಂಚು. ಮಾರುವವರು ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡ ಆಡುವ ಜನ; ಹತ್ತಿ ವ್ಯಾಪಾರ ಬಿಟ್ಟು ಆನೈಮಲೈಯಲ್ಲಿ ಹೆಂಡತಿಯ ತವರಿನ ತೆಂಗಿನ ತೋಟಕ್ಕೆ ಹೊರಟಿದ್ದ ಗಂಡ ಹೆಂಡತಿ. ಇಬ್ಬರಿಗೂ ಐವತ್ತರ ಆಸುಪಾಸು.

ಮನೆ ಪರೀಕ್ಷೆ ಮಾಡಲು ಅತ್ತೆ ತಮ್ಮ ತಮ್ಮನನ್ನು ಕರೆಸಿದರು. ನಮ್ಮವರ ಈ ಸೋದರಮಾವ ಸರ್ಕಾರಿ ಕಟ್ಟಡಗಳ ಓವರ್ಸಿಯರಾಗಿದ್ದು ನಿವೃತ್ತರಾದವರು. ಒಂದು ಸಣ್ಣ ಸುತ್ತಿಗೆ, ಒಂದು ಟಾರ್ಚು, ಗೋಣಿ ಹೊಲಿಯುವ ದಬ್ಬಳ, ಇಷ್ಟನ್ನು ಚೀಲದಲ್ಲಿ ಹಾಕಿಕೊಂಡು ಬಂದರು. ಗೋಡೆಯನ್ನು ತಟ್ಟಿ ಕಿವಿ ಕೊಡುವರು. ಬಾಗಿಲುವಾಡಕ್ಕೆ ದಬ್ಬಳ ಚುಚ್ಚಿ ನೋಡುವರು. ಹಿತ್ತಲ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಸುಣ್ಣದ ಬಣ್ಣ ಬದಲಾಗಿತ್ತು. ಅದರ ಮೇಲೆ ಬೆರಳಾಡಿಸಿ, "ಹೊಳೆ ಇಲ್ಲೀವರೆಗೆ ಬಂದಿದೆ" ಎಂದರು.

"ಮೇಲ್ಗಡೆ ಅಣೆ ಕಟ್ತಾ ಇದಾರಲ್ಲ ಸಾರ್, ಇನ್ನು ಬರಲ್ಲ" ಎಂದರು ಮನೆಯ ಯಜಮಾನರು.

"ಬಂದ್ರೂ ಜಾಸ್ತಿ ಹೊತ್ತು ನಿಲ್ಲಲ್ಲ" ಎಂದರು ಅವರ ಹೆಂಡತಿ. ಗಂಡ ಆಕೆಯನ್ನು ದುರುಗುಟ್ಟಿ ನೋಡಿದರು.

ಆಕೆಯ ಸ್ವಭಾವವೇ ಹಾಗಿತ್ತು. ಗಂಡ ಮುಚ್ಚಿದ್ದನ್ನೆಲ್ಲ ತೆರೆಯುವುದು. ಅಡುಗೆಮನೆಯ ಆಚೆ ಬಾಗಿಲು ಹಾಕಿದ್ದ ಕೋಣೆಯೊಂದಿತ್ತು. ಮಾವ ಅಗುಳಿಗೆ ಕೈ ಹಾಕಿದಾಗ ಯಜಮಾನರು, "ಅಲ್ಲಿ ಏನಿಲ್ಲ ಸಾರ್, ಹಳೆ ಸಾಮಾನು" ಎಂದು ಅಡ್ಡ ಬಂದರು.

"ಏನಿಲ್ಲ ಅಂತ ಯಾಕೆ ಹೇಳ್ತೀರ? ಅಮ್ಮನ್ನ ತೋರಿಸ್ದೆ ಮನೆ ಹೇಗೆ ಕೊಡೋದು?" ಎಂದು ಆಕೆ ತಾವೇ ಬಾಗಿಲು ತಳ್ಳಿದರು.

ಮೂಲೆಯಲ್ಲಿ ನನ್ನ ಎದೆಯೆತ್ತರದ ಹುತ್ತ. ಮೈತುಂಬ ಅರಿಶಿನ ಬಳಿದು ಕುಂಕುಮ ಇಟ್ಟಿತ್ತು, ತಲೆಗೆ ಕನಕಾಂಬರದ ದಂಡೆ. ಮುಂದೆ ದೀಪ. ಹಿಂದುಗಡೆ ಗೋಡೆಯ ಮೇಲೆ ಬೆರಳಗಲದ ಮಣ್ಣಿನ ದಾರಿಯೊಂದು ನೇರವಾಗಿ ತೊಲೆಗೆ ಏರಿಹೋಗಿತ್ತು.

ನನಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಕೈ ಮುಗಿಯಬೇಕೋ, ಹಿಂದೆ ಸರಿಯಬೇಕೋ? ಮಾವ ಹೆಗಲ ಮೇಲಿನ ಅಂಗವಸ್ತ್ರವನ್ನು ತೆಗೆದು ಸೊಂಟಕ್ಕೆ ಸುತ್ತಿ, ಬಗ್ಗಿ ನಮಸ್ಕಾರ ಮಾಡಿದರು. ಆಮೇಲೆ ಸ್ಟೂಲು ತರಿಸಿ, ಹತ್ತಿ, ತೊಲೆಗೆ ದಬ್ಬಳ ಚುಚ್ಚಿದರು. ಅದು ಬಾಳೆದಿಂಡಿನೊಳಕ್ಕೆ ಹೋಗುವ ಹಾಗೆ ಪೂರ್ತಿ ಇಳಿಯಿತು. ಉದುರಿದ ಹುಡಿ ಕನಕಾಂಬರದ ಮೇಲೆ ಬಿತ್ತು.

"ಗೆದ್ದಲು ಈ ಕಡೆಯನ್ನ ತಿಂದುಹಾಕಿದೆ. ಮಿಕ್ಕ ಮನೆ ಗಟ್ಟಿ. ಈ ಹುತ್ತ ಅಗೆದು, ರಾಣಿ ಹುಳು ತೆಗೆದು, ತೊಲೆ ಬದಲಾಯಿಸಿದ್ರೆ ಇನ್ನೊಂದು ತಲೆಮಾರು ಇರಬಹುದು" ಎಂದರು ಮಾವ, ಕೆಳಗಿಳಿಯುತ್ತ.

"ಮತ್ತೆ ಈಗ ನಮಸ್ಕಾರ ಮಾಡಿದ್ರಿ?" ಎಂದು ನಮ್ಮವರು ಕೇಳಿದರು.

"ನಮಸ್ಕಾರ ಮಾಡಿದ್ದು ನಾನು. ತೊಲೆ ನೋಡಿದ್ದು ಓವರ್ಸಿಯರು. ಇಬ್ಬರನ್ನೂ ಒಟ್ಟಿಗೆ ಕೇಳಬೇಡ."

ಯಜಮಾನರ ಹೆಂಡತಿ ಅಷ್ಟರಲ್ಲಿ ನನ್ನನ್ನು ಪಕ್ಕಕ್ಕೆ ಕರೆದಿದ್ದರು. "ಮಕ್ಕಳಿದಾವಾ ಕಣ್ಣು?" ತಮಿಳರ ಹಾಗೆ ಮುದ್ದಿಗೆ ಕಣ್ಣು ಎನ್ನುವರು.

ಇಲ್ಲವೆಂದು ತಲೆಯಾಡಿಸಿದೆ.

"ನಂಗೂ ಬಹಳ ದಿನ ಇರಲಿಲ್ಲ. ಇಲ್ಲಿ ಪುತ್ತು ಎದ್ದ ಮೇಲೆ ಶುಕ್ರವಾರ ಶುಕ್ರವಾರ ಹಾಲು ಹಾಕಿದೆ. ಇಬ್ಬರು ಹುಟ್ಟಿದ್ರು" ಎಂದು ಆಕೆ ಅಡುಗೆಮನೆಯಿಂದ ಒಂದು ಲೋಟ ಹಾಲು ತಂದು ನನ್ನ ಕೈಗಿಟ್ಟರು. "ನೀನೇ ಹಾಕು."

"ಒಳಗೆ ಹಾವಿದೆಯಾ ಅಕ್ಕಾ?"

"ನಾನು ನೋಡಿಲ್ಲ. ಇಲ್ಲ ಅಂತ್ಲೂ ಹೇಳೋಕಾಗಲ್ಲ."

ಹಾಲು ಹಾಕಿದೆ. ಒಣ ಮಣ್ಣು ಅದನ್ನು ತಕ್ಷಣ ಕುಡಿದುಬಿಟ್ಟಿತು. ಯಾರಿಗೆ ಹಾಕಿದೆ ಎಂದು ಈಗ ಕೇಳಿದರೂ ಹೇಳಲಾರೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಹೊರಗೆ ಬಂದು ಹೊಳೆಯ ಮೆಟ್ಟಿಲ ಮೇಲೆ ಕುಳಿತೆವು. ಅಲ್ಲಿ ನನ್ನ ಗೊಂದಲ ಇನ್ನೂ ಹೆಚ್ಚಾಯಿತು. ದಿನಾ ಎರಡು ಹೊತ್ತು ದೇವರ ಮುಂದೆ ಕೂರುವ ಅತ್ತೆ, "ಅಗೆದು ಹಾಕೋಣ. ದೇವರು ಮನೆಯೊಳಗೆ ಬಂದು ಕೂತ್ರೆ ಮಡಿ ನೋಡೋರು ಯಾರು? ಒಂದು ದಿನ ತಪ್ಪಿದ್ರೆ ಅದು ನಮ್ಮ ತಲೆಗೆ" ಎಂದರು. ತರಗತಿಯಲ್ಲಿ ಗೆದ್ದಲಿನ ಪಾಠ ಮಾಡುವ ನಮ್ಮವರು, "ಹುಳದ ಗೂಡು, ಅಷ್ಟೆ" ಎಂದರು. ಮತ್ತೆ ತಾವೇ, "ಆದ್ರೂ ಇರೋವಷ್ಟು ದಿನ ಇರ್ಲಿ. ಆ ಹೆಂಗಸಿನ ಮನಸ್ಸಿಗೆ ಯಾಕೆ ನೋವು?" ಎಂದರು. ನೋವು ಯಾರ ಮನಸ್ಸಿನದೆಂದು ನನಗೆ ಅನುಮಾನ. ಅವರು ನನ್ನ ಕಡೆ ನೋಡದೆ ನೀರಿನ ಕಡೆ ನೋಡುತ್ತ ಹೇಳಿದ್ದರು.

"ನೀನೇನು ಹೇಳ್ತೀಯೆ?" ಎಂದು ಅತ್ತೆ ಕೇಳಿದರು.

"ಗೊತ್ತಾಗ್ತಿಲ್ಲ ಅತ್ತೆ" ಎಂದೆ.

ಮನೆ ಕೊಂಡೆವು. ಹುತ್ತದ ವಿಷಯಕ್ಕೆ ಮಾರುವವರ ಹೆಂಡತಿಯೇ ದಾರಿ ಕಂಡುಕೊಂಡರು. ಪೂಜಾರಿಯನ್ನು ಕರೆಸಿ, ಹುತ್ತದ ನೆತ್ತಿಯಿಂದ ಒಂದು ಹಿಡಿ ಮಣ್ಣು ತೆಗೆಸಿ, ಹಳದಿ ಬಟ್ಟೆಯಲ್ಲಿ ಕಟ್ಟಿ ಮಡಿಲಲ್ಲಿಟ್ಟುಕೊಂಡರು. "ಅಮ್ಮ ನನ್ನ ಜೊತೆ ತೋಟಕ್ಕೆ ಬರ್ತಾಳೆ. ಇನ್ನು ನಿಮ್ಮಿಷ್ಟ" ಎಂದು ಎತ್ತಿನ ಗಾಡಿ ಹತ್ತಿದರು. ಗಾಡಿ ತಿರುಗುವ ತನಕ ಆಕೆ ಮನೆಯನ್ನೇ ನೋಡುತ್ತಿದ್ದರು. ಯಜಮಾನರು ಒಂದು ಸಲವೂ ತಿರುಗಲಿಲ್ಲ.

ಈಗ ಕೋಣೆಯಲ್ಲಿ ಉಳಿದಿರುವುದು ಏನು? ಅಮ್ಮನೋ, ಅಮ್ಮ ಎದ್ದುಹೋದ ಬರೀ ಮಣ್ಣೋ? ಪೂಜಾರಿಯನ್ನು ಕೇಳಿದೆ. "ಪೋನಾ ಪೋನದುದಾನ್, ಇರುಂದಾ ಇರುಕ್ಕುರದುದಾನ್" ಎಂದರು. ಹೋಗಿದ್ದರೆ ಹೋಯಿತು, ಇದ್ದರೆ ಇದೆ. ಅದರಿಂದ ನನಗೇನೂ ತಿಳಿಯಲಿಲ್ಲ.

ಅಗೆಯಲು ಬಂದ ಕೂಲಿಯಾಳುಗಳು ಕೋಣೆಯೊಳಗೆ ಇಣುಕಿ, ಅರಿಶಿನ ಕಂಡು, "ಪುತ್ತ್ ಮೇಲೆ ಕೈ ವೈಕ್ಕಮಾಟ್ಟೋಂ ಅಮ್ಮಾ" ಎಂದು ಹಾರೆಯನ್ನು ಜಗಲಿಯ ಮೇಲೇ ಬಿಟ್ಟು ಹೊರಟರು. ಹುತ್ತ ಮುಟ್ಟುವುದಿಲ್ಲವೆಂದರೆ ಇಲ್ಲ. ನಮ್ಮವರು ಹಾರೆ ಎತ್ತಿಕೊಂಡು ಒಳಗೆ ಹೋದರು. ಬಹಳ ಹೊತ್ತು ಸದ್ದಿಲ್ಲ. ಇಣುಕಿದರೆ ಹಾರೆ ಊರಿಕೊಂಡು ಸುಮ್ಮನೆ ನಿಂತಿದ್ದಾರೆ. "ಸ್ಕೂಲಿಗೆ ಹೊತ್ತಾಯ್ತು" ಎಂದು ಹೊರಗೆ ಬಂದರು. ಅಂದು ಭಾನುವಾರ.

ಮರುದಿನ ಅವರು ಶಾಲೆಗೆ ಹೋದ ಮೇಲೆ ಅತ್ತೆ ಸ್ನಾನ ಮಾಡಿ, ಸೆರಗು ಬಿಗಿದು, ಹಾರೆ ಕೈಗೆತ್ತಿಕೊಂಡರು. "ಹಾವು ಗೀವು ಬಂದ್ರೆ ಕೂಗ್ತೀನಿ. ನೀನು ಬಾಗಿಲಲ್ಲೇ ಇರು." ಆಮೇಲೆ ಹುತ್ತಕ್ಕೆ, "ತಾಯೀ, ಇದ್ರೆ ಎದ್ದು ಆ ಕಡೆ ಹೋಗು" ಎಂದು ಹೇಳಿ ಮೊದಲ ಏಟು ಹಾಕಿದರು. ಹೊರಗಿನ ಮಣ್ಣು ಇಟ್ಟಿಗೆಯಷ್ಟು ಗಟ್ಟಿ, ಒಳಗೆ ಜೇನುಗೂಡಿನ ಹಾಗೆ ತೂತು ತೂತು. ಬಿಳಿ ಹುಳುಗಳು ಅನ್ನ ಚೆಲ್ಲಿದಂತೆ ಹರಿದವು. ಹಾವು ಇರಲಿಲ್ಲ. ನಾನೂ ಒಳಗೆ ಹೋಗಿ ಬುಟ್ಟಿಗೆ ಮಣ್ಣು ತುಂಬತೊಡಗಿದೆ.

ತಳದಲ್ಲಿ ಗಟ್ಟಿ ಮಣ್ಣಿನ ಗೂಡೊಂದು ಒಡೆದು ರಾಣಿ ಸಿಕ್ಕಿತು. ನನ್ನ ಬೆರಳಿನಷ್ಟು ದಪ್ಪ, ಬಿಳುಪು. ಓಡಲಾರದು, ತಿರುಗಲಾರದು. ಮೈ ಮಾತ್ರ ಉಸಿರಾಡಿದ ಹಾಗೆ ಅಲುಗುತ್ತಿತ್ತು.

"ಇದೇ ಎಲ್ಲದಕ್ಕೂ ತಾಯಿಯಂತೆ" ಎಂದೆ. ನಮ್ಮವರು ಹೇಳಿದ್ದು ನೆನಪಿತ್ತು.

ಅತ್ತೆ ಹಾರೆ ಕೆಳಗಿಟ್ಟರು. ಸೀಮೆಎಣ್ಣೆ ಸುರಿಯಬೇಕೆಂದು ಮಾವ ಹೇಳಿಹೋಗಿದ್ದರು. ಸೀಸೆ ಅಲ್ಲೇ ಇತ್ತು. ಇಬ್ಬರೂ ಅದರ ಕಡೆ ನೋಡಿದೆವು. ಕೊನೆಗೆ ಅತ್ತೆ ರಾಣಿಯನ್ನು ಒಂದು ಬಾಳೆಎಲೆಯ ಚೂರಿನ ಮೇಲೆ ಎತ್ತಿಟ್ಟುಕೊಂಡು ಹೊಳೆಯ ದಡಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಬರಿಗೈಯಲ್ಲಿ ಬಂದರು. ಏನು ಮಾಡಿದಿರಿ ಎಂದು ನಾನು ಕೇಳಲಿಲ್ಲ. ಅವರು ಸಾಯುವ ತನಕ ಹೇಳಲೂ ಇಲ್ಲ.

ತೊಲೆ ಬದಲಾಯಿಸಿ, ಗೋಡೆಯ ಬುಡಕ್ಕೆ ಡಾಂಬರು ಬಳಿಸಿದೆವು. ಅತ್ತೆಯ ಭಯದ ಹಾಗೆ ಮನೆಗೆ ಕೆಡುಕೇನೂ ಬರಲಿಲ್ಲ, ಮನೆ ಮಾರಿದ ಆಕೆಯ ಮಾತಿನ ಹಾಗೆ ಒಳ್ಳೆಯದೂ ಆಗಲಿಲ್ಲ. ಮಳೆಗಾಲದಲ್ಲಿ ಅಡುಗೆಮನೆಯ ಬಾಗಿಲುವಾಡದಲ್ಲಿ ಮತ್ತೆ ಮಣ್ಣಿನ ಗೆರೆ ಕಂಡಿತು. ಅತ್ತೆ ಅದನ್ನು ಪೊರಕೆಯಲ್ಲಿ ಗುಡಿಸಿದರು. ಅರಿಶಿನದ ಡಬ್ಬಿಯನ್ನು ಮಾತ್ರ ಆ ಬಾಗಿಲ ಹತ್ತಿರ ಇಡಬೇಡವೆಂದು ನನಗೆ ಹೇಳಿದರು.

ಮನೆ ಮಾರಿಹೋದ ಆಕೆ ಆನೈಮಲೈಯಿಂದ ಒಮ್ಮೆ ಎಳನೀರು ಹೊರಿಸಿಕೊಂಡು ನೋಡಲು ಬಂದರು. ಕೋಣೆ ನಮ್ಮವರ ಪುಸ್ತಕದ ಕೋಣೆಯಾಗಿತ್ತು. ಮೂಲೆಯಲ್ಲಿ ಮೇಜಿತ್ತು. ಆಕೆ ಸುತ್ತ ನೋಡಿ, "ಬೆಳಕು ಚೆನ್ನಾಗಿ ಬರ್ತಾ ಇದೆ" ಎಂದಷ್ಟೇ ಅಂದರು. ಕಾಫಿ ಕೊಡುತ್ತ ನಾನು ಮೆಲ್ಲಗೆ ಕೇಳಿದೆ: "ಅಲ್ಲಿ ತೋಟದಲ್ಲಿ ಹುತ್ತ ಎದ್ದಿದೆಯಾ ಅಕ್ಕಾ?"

"ಇಲ್ಲ ಕಣ್ಣು. ಆ ಹಿಡಿ ಮಣ್ಣು ಮಳೆಗೆ ಕರಗಿಹೋಯ್ತು" ಎಂದರು. "ಇಲ್ಲೇ ಇದಾಳೇನೋ ಅಂತ ನೋಡೋಕೆ ಬಂದೆ."

ಇನ್ನೊಂದು ಲೋಟ ಕಾಫಿ ತಂದುಕೊಟ್ಟೆ. ನಮ್ಮ ಮಗಳು ಹುಟ್ಟಿದ್ದು ಎಷ್ಟೋ ಕಾಲದ ಮೇಲೆ, ನಮ್ಮವರಿಗೆ ಮತ್ತೆ ವರ್ಗವಾದ ಊರಿನಲ್ಲಿ, ಸಿಮೆಂಟು ನೆಲದ ಬಾಡಿಗೆ ಮನೆಯಲ್ಲಿ. ಆಗ ಆಕೆಗೆ ಹೇಳಿಕಳಿಸೋಣವೆಂದುಕೊಂಡೆ. ಹೇಳಿದರೆ ಆಕೆ ಅಂದಿನ ಹಾಲಿನ ಫಲವೆನ್ನುತ್ತಾರೋ, ಹುತ್ತ ಅಗೆದರೂ ಹುಟ್ಟಿತೆಂದು ನೊಂದುಕೊಳ್ಳುತ್ತಾರೋ ತಿಳಿಯದೆ, ಬಹಳ ದಿನ ಯೋಚಿಸಿ, ಕೊನೆಗೆ ಹೇಳಿಕಳಿಸಿದೆ.