ದೇವರ ವೈರು

ಆ ಕಾಲದಲ್ಲಿ ಠಾಣೆ ಪಟ್ಟಣದ ವರ್ತಕ ನಗರವೆಂಬ ಬಡಾವಣೆಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಕಾರು ಇದ್ದವರಿಗಿಂತ ಕಾರಿನೊಳಗೆ ಹಾಡು ಇದ್ದವರಿಗೆ ಮರ್ಯಾದೆ ಜಾಸ್ತಿ. ಕಾರು ಗೇಟು ದಾಟುವಾಗ ಅದರ ಗಾಜು ನಡುಗಬೇಕು, ಲಗೋರಿ ಆಡುತ್ತಿದ್ದ ನಾವು ಕಲ್ಲು ಬಿಟ್ಟು ಓಡಿಹೋಗಿ ಡಿಕ್ಕಿಗೆ ಕಿವಿ ಹಚ್ಚಬೇಕು, ಆಗ ಅದು ಕಾರು. ಈಗಿನ ಹುಡುಗರಿಗೆ ಇದನ್ನು ಹೇಳಿದರೆ ನಗುತ್ತಾರೆ. ನಗಲಿ ಬಿಡಿ, ಅವರಿಗೆ ಹಾಡೆಂದರೆ ಕಿವಿಯೊಳಗೆ ತುರುಕಿಕೊಳ್ಳುವ ವಸ್ತು.

ನಾನಾಗ ಹತ್ತು ವರ್ಷದ ಹುಡುಗಿ. ಅಪ್ಪ ಠಾಣೆಯಲ್ಲಿದ್ದ ದೊಡ್ಡಪ್ಪನ ಹೋಟೆಲಿನಲ್ಲಿ ಮ್ಯಾನೇಜರು. ನಾವಿದ್ದ ಫ್ಲಾಟೂ ದೊಡ್ಡಪ್ಪನದೇ. ಅಪ್ಪ ಕಾರ್ಕಳದ ತುಳುವರು, ಅಮ್ಮ ಕುಂದಾಪುರದ ಕಡೆಯವಳು. ಜಗಳ ಮಾಡಲಿಕ್ಕಾದರೂ ಇಬ್ಬರಿಗೂ ತಿಳಿಯುವ ಒಂದು ಭಾಷೆ ಬೇಕಲ್ಲ, ಹಾಗಾಗಿ ಮನೆಯಲ್ಲಿ ಕನ್ನಡ. ಆ ವರ್ಷ ಅಪ್ಪ ಯಾರೋ ಇಟ್ಟುಕೊಂಡು ಹಳತು ಮಾಡಿದ ಒಂದು ಬಿಳಿ ಕಾರು ಕೊಂಡರು. ಅದರಲ್ಲಿ ಎಲ್ಲ ಇತ್ತು, ಹಾಡೊಂದು ಇರಲಿಲ್ಲ.

ಸುಧಾಕರ ಮಾವ ಅಮ್ಮನ ಒಬ್ಬನೇ ತಮ್ಮ. ನಮ್ಮ ಬಳಗದ ಗಂಡಸರೆಲ್ಲ ಹೋಟೆಲಿನವರು, ಮಾವನನ್ನೂ ಊರಿನಿಂದ ಕರೆಸಿದ್ದು ಅದಕ್ಕೇ. ಆದರೆ ಅವನಿಗೆ ಆ ಎಣ್ಣೆ ವಾಸನೆ, ಆ 'ಎರಡು ಇಡ್ಲಿ ಒಂದು ವಡೆ' ಕೂಗು ಕಂಡರೆ ಆಗುತ್ತಿರಲಿಲ್ಲ. ಟ್ರೇ ಕೆಳಗಿಟ್ಟು ವಾಶಿಯಲ್ಲಿ ಕಾರುಗಳಿಗೆ ಟೇಪು, ಸ್ಪೀಕರು ಕೂರಿಸುವ ಅಂಗಡಿಯೊಂದರಲ್ಲಿ ಸೇರಿಕೊಂಡ. ಕಳವಾ ಎಂಬ ಊರಿನಲ್ಲಿ ಗೆಳೆಯರ ಜೊತೆ ಒಂದು ಖೋಲಿಯಲ್ಲಿದ್ದ. ಭಾನುವಾರ ನಮ್ಮ ಮನೆಗೆ ಬಂದರೆ ಅವನ ಅಂಗಿಯಿಂದ ಬೆಸುಗೆಯ ರಾಳದ ವಾಸನೆ ಬರುತ್ತಿತ್ತು. ಇವತ್ತಿಗೂ ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಹಸಿವಾಗುತ್ತದೆ, ಏಕೆಂದರೆ ಅವನು ಬರುವಾಗ ಕಾಗದದಲ್ಲಿ ಸುತ್ತಿದ ಬಿಸಿ ವಡಾಪಾವ್ ಇಲ್ಲದೆ ಬಂದವನೇ ಅಲ್ಲ.

ದೊಡ್ಡಪ್ಪನ ಹೋಟೆಲಿನ ಪಕ್ಕ ಅವರದೇ ಒಂದು ಸಣ್ಣ ಗಾಳಾ, ಅಂದರೆ ಅಂಗಡಿ ಕೋಣೆ, ಶಟರ್ ಹಾಕಿಕೊಂಡು ಖಾಲಿ ಬಿದ್ದಿತ್ತು. ಅಲ್ಲಿ ತನ್ನದೇ ಅಂಗಡಿ ಹಾಕಬೇಕು ಎಂಬುದು ಮಾವನ ಆಸೆ. ಅಮ್ಮನೇ ಮುಂದೆ ನಿಂತು ದೊಡ್ಡಪ್ಪನಲ್ಲಿ ಕೇಳಿದಳು.

"ಹುಡುಗಾಟಿಕೆಗೆಲ್ಲ ಗಾಳಾ ಕೊಡ್ಲಿಕ್ಕೆ ಆಗ್ತದಾ?" ಎಂದರು ದೊಡ್ಡಪ್ಪ. ಆಮೇಲೆ ಮಾವನ ಕಡೆ ತಿರುಗಿ, "ನಿನ್ನ ಭಾವನ ಕಾರಿಗೆ ಹಾಕಿ ತೋರಿಸು ಮಾರಾಯ. ಕೆಲಸ ಸರಿ ಕಂಡರೆ ಗಾಳಾ ನಿನಗೆ. ಇಲ್ಲದಿದ್ದರೆ ಸುಮ್ಮನೆ ಬಂದು ಗಲ್ಲಾದಲ್ಲಿ ಕೂತ್ಕೋ" ಎಂದರು.

ಮಾವ ನವರಾತ್ರಿಯ ಇಡೀ ವಾರ ಸಂಜೆ ಬಂದು ಕೆಲಸ ಮಾಡಿದ. ಕಾರಿನ ಸೀಟು ಕಳಚಿ, ಕಾರ್ಪೆಟು ಎತ್ತಿ, ಮಗುವಿಗೆ ಜಡೆ ಹೆಣೆದ ಹಾಗೆ ವೈರು ಎಳೆದ. ಆಯುಧ ಪೂಜೆಯ ಹಿಂದಿನ ಸಂಜೆ ಎಂಜಿನ್ ಚಾಲೂ ಮಾಡಿ ಹಾಡು ಹಾಕಿ ತಾನೊಬ್ಬನೇ ಕೇಳಿ, ಗಾಜು ಏರಿಸಿ ಬಂದ. "ನಾಳೆ ಕೇಳು ಅಕ್ಕ," ಎಂದ ಅಮ್ಮನಿಗೆ. ಅಮ್ಮ ಅವನ ತಟ್ಟೆಗೆ ಇನ್ನೊಂದು ನೀರುದೋಸೆ ಹಾಕಿದಳು.

ಮರುದಿನ ಕಾರಿಗೆ ಚೆಂಡುಹೂವಿನ ಮಾಲೆ, ಚಕ್ರದ ಕೆಳಗೆ ನಿಂಬೆಹಣ್ಣು, ಕರ್ಪೂರದ ಹೊಗೆ. ದೊಡ್ಡಪ್ಪ ಬಂದವರು ತಮ್ಮನ ಕಾರಿಗೆಂದು ಒಂದು ದೇವರ ದೀಪ ತಂದಿದ್ದರು: ಸಣ್ಣ ದೇವಿಯ ವಿಗ್ರಹ, ಸುತ್ತಲೂ ಓಡಾಡುವ ಕೆಂಪು ಹಸಿರು ಬಲ್ಬುಗಳು. ಊರಿನ ದೇವಸ್ಥಾನದಲ್ಲಿ ಇಟ್ಟು ಪೂಜೆ ಮಾಡಿಸಿ ತಂದದ್ದು. ಅವರ ಡ್ರೈವರು ಅದನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿ, ಕೈಯನ್ನು ಒಳಗೆ ತೂರಿಸಿ ಏನೋ ತಿರುಚಿ, ಸ್ಕ್ರೂ ಹಾಕಿ, ಅಂಟುಪಟ್ಟಿ ಸುತ್ತಿದ. ಕೀಲಿ ತಿರುಗಿಸಿದರೆ ದೇವಿ ಬೆಳಗಿದಳು. ಎಲ್ಲರೂ ಕೈಮುಗಿದೆವು. ಮಾವನೂ ಮುಗಿದ.

ಆಮೇಲೆ ಅಪ್ಪ ಎಂಜಿನ್ ಚಾಲೂ ಮಾಡಿದರು, ಮಾವ ಭಜನೆಯ ಸಿ.ಡಿ. ಹಾಕಿದ. ಹಾಡಿನ ಹಿಂದೆ ಒಂದು 'ಗುಂಯ್' ಎಂಬ ಸದ್ದು. ಅಪ್ಪ ಎಕ್ಸಿಲರೇಟರ್ ಒತ್ತಿದ ಹಾಗೆ ಅದು ಏರಿ 'ಕುಂಯ್ಯ್' ಎಂದು ಕೂಗಿತು, ಕಾಲು ತೆಗೆದರೆ ಇಳಿಯಿತು. ಸೊಸೈಟಿಯ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನನ್ನ ಲಗೋರಿಯ ಗೆಳೆಯರು ಅದೇ ದನಿಯಲ್ಲಿ ಕುಂಯ್‌ಗುಡುತ್ತ ಕಾಂಪೌಂಡು ಸುತ್ತಿದರು. ಒಬ್ಬನಿಗೆ ನಾನು ಸರಿಯಾಗಿ ಬಾರಿಸಿದೆ.

"ನಿನ್ನೆ ಸರಿ ಇತ್ತು ಭಾವ, ದೇವರಾಣೆ ಸರಿ ಇತ್ತು," ಎಂದ ಮಾವ.

"ನಿನ್ನೆ ನಾವು ಯಾರೂ ಕೇಳ್ಲಿಲ್ಲ," ಎಂದರು ದೊಡ್ಡಪ್ಪ. "ದೀಪಾವಳಿಯವರೆಗೆ ನೋಡುವ."

ಅಲ್ಲಿಂದ ಶುರುವಾಯಿತು. ಮಾವ ಸಮಯ ಸಿಕ್ಕಾಗಲೆಲ್ಲ ಬಂದು ಕಾರಿನೊಳಗೆ ತಲೆ ಹಾಕಿಕೊಂಡು ಬಿದ್ದಿರುತ್ತಿದ್ದ. ನಾನು ಹಿಂದಿನ ಸೀಟಿನಲ್ಲಿ ವಡಾಪಾವ್ ತಿನ್ನುತ್ತ ಅವನ ಗೊಣಗಾಟ ಕೇಳುತ್ತಿದ್ದೆ. ಡಿಕ್ಕಿಯಲ್ಲಿ ಕೂರಿಸಿದ್ದ, ಹಾಡಿನ ಸದ್ದು ಏರಿಸುವ ಆಂಪ್ಲಿಫೈಯರಿನ ಅರ್ತಿಂಗ್ ಬೋಲ್ಟು ಬಿಚ್ಚಿ, ಅದರ ಕೆಳಗಿನ ಬಣ್ಣವನ್ನು ಪಾಲಿಶ್ ಪೇಪರಿನಿಂದ ತಗಡು ಹೊಳೆಯುವವರೆಗೆ ಉಜ್ಜಿದ. ಗುಂಯ್ ಹೋಗಲಿಲ್ಲ. ಕರೆಂಟಿನ ವೈರು ಕಾರಿನ ಒಂದು ಬದಿ, ಹಾಡಿನ ವೈರು ಇನ್ನೊಂದು ಬದಿ ಹೋಗಬೇಕು, ಎರಡೂ ತಾಗಿಕೊಂಡಿದ್ದರೆ ಇದರ ಗಲಾಟೆ ಅದಕ್ಕೆ ಹತ್ತುತ್ತದೆ ಎಂದು ಹೇಳುತ್ತ ಎಲ್ಲವನ್ನೂ ಕಿತ್ತು ಮತ್ತೆ ಎಳೆದ. ಹೋಗಲಿಲ್ಲ. ಅಂಗಡಿಯಿಂದ ಸದ್ದು ಸೋಸುವ ಒಂದು ಫಿಲ್ಟರು ತಂದು ಕೂರಿಸಿದ. ಗುಂಯ್ ಸ್ವಲ್ಪ ಸಣ್ಣದಾಯಿತು, ಹಾಡೂ ಸಣ್ಣದಾಯಿತು.

ಒಂದು ದಿನ ಆಂಪ್ಲಿಫೈಯರಿನಿಂದ ಹಾಡಿನ ವೈರು ಕಿತ್ತು ನೋಡಿದ. ಸದ್ದು ಪೂರ್ತಿ ನಿಂತಿತು. "ಹಾಗಾದರೆ ಹಿಂದೆ ಅಲ್ಲ ಮಗಳೇ, ಮುಂದಿನಿಂದಲೇ ಬರ್ತಾ ಉಂಟು!" ಎಂದು ಖುಷಿಯಿಂದ ಟೇಪನ್ನು ಡ್ಯಾಶ್‌ಬೋರ್ಡಿನಿಂದ ಹೊರಗೆಳೆದ. ಅದರ ಹಿಂದೆ ಡ್ರೈವರು ಸುತ್ತಿದ ಗಂಟೊಂದು ನೇತಾಡುತ್ತಿತ್ತು.

"ಅದೆಂತ ಮಾವ?" ಎಂದೆ.

"ಅದು ದೇವರ ವೈರು," ಎಂದ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಎರಡೇ ಬೆರಳಿನಲ್ಲಿ ಅದನ್ನು ಮೆಲ್ಲಗೆ ಬದಿಗೆ ಸರಿಸಿ, ಉಳಿದ ವೈರುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ಹುಡುಕಿದ. ಏನು ಹೇಳಲಿ! ವಾಶಿಯಲ್ಲಿ ದಿನಕ್ಕೊಂದು ಕಾರು ಬಿಚ್ಚಿ ಕಟ್ಟುವವನಿಗೆ, ಆ ದೀಪಕ್ಕೂ ಬೇರೆ ಎಲ್ಲದರ ಹಾಗೆ ಒಂದು ಕೆಂಪು ವೈರು ಒಂದು ಕಪ್ಪು ವೈರು ಇರುತ್ತದೆ ಎಂದು ಹೊಳೆಯಲಿಲ್ಲ. ನಮ್ಮವರಲ್ಲಿ ಯಾರಿಗೂ ಹೊಳೆಯುತ್ತಿರಲಿಲ್ಲ ಬಿಡಿ. ದೇವರನ್ನು ಯಾರಾದರೂ ಚೆಕ್ ಮಾಡುತ್ತಾರೆಯೇ?

ಹೊಳೆದದ್ದು ದೀಪಾವಳಿಗೆ ಇನ್ನೇನು ಒಂದು ವಾರ ಇರುವಾಗ. ಆ ಭಾನುವಾರ ದೊಡ್ಡಪ್ಪ ನಮ್ಮಲ್ಲಿ ಊಟಕ್ಕೆ ಬಂದಿದ್ದರು. ಅಮ್ಮ ಕೋಳಿ ಸಾರು ಮಾಡಿದ್ದಳು. ಮಾವ ಬಾಗಿಲಲ್ಲೇ ಚಪ್ಪಲಿ ಬಿಚ್ಚುತ್ತ ಹೇಳಿದ: "ಸಿಕ್ಕಿತು ಅಕ್ಕ! ರೈಲಿನಲ್ಲಿ ಬರುವಾಗ ತಲೆಗೆ ಬಂತು. ನಾನು ಎಲ್ಲದರ ಅರ್ತಿಂಗ್ ಒಂದೇ ಕಡೆ ಕಟ್ಟಿದ್ದೆ. ಡ್ರೈವರು ದೀಪದ ಕಪ್ಪು ವೈರನ್ನು ಟೇಪಿನ ವೈರಿಗೆ ಸುತ್ತಿ, ಮುಂದಿನ ತಗಡಿಗೆ ಇನ್ನೊಂದು ಸ್ಕ್ರೂ ಹಾಕಿದ್ದಾನೆ. ಎರಡು ಕಡೆ ಕಟ್ಟಿದರೆ ಎಂಜಿನ್ನಿನ ಗಲಾಟೆ ಅಲ್ಲಿಂದ ಸುತ್ತಿ ಒಳಗೆ ಬರ್ತದೆ. ಆ ದೀಪ ಒಮ್ಮೆ ಬಿಚ್ಚಿ ನೋಡ್ತೇನೆ. ಐದು ನಿಮಿಷ. ಆಮೇಲೆ ಬೇರೆ ವೈರು ಎಳೆದು ಅಲ್ಲೇ ಕೂರಿಸ್ತೇನೆ, ದೊಡ್ಡ ಭಾವ."

ದೊಡ್ಡಪ್ಪ ತಟ್ಟೆಯಿಂದ ಕೈ ಎತ್ತಿದರು. "ನಿನ್ನ ಕೆಲಸದ ಹುಳುಕನ್ನು ದೇವಿಯ ತಲೆಗೆ ಕಟ್ತೀಯಾ? ನಾನು ಕೊಟ್ಟ ದೀಪದಿಂದ ತಮ್ಮನ ಕಾರಿಗೆ ದೋಷವಾ?"

"ದೋಷ ಅಲ್ಲ ಭಾವ, ವೈರು..."

ಮಾವ ಅಪ್ಪನ ಮುಖ ನೋಡಿದ. ಅಪ್ಪ ಕೋಳಿಯ ಮೂಳೆಯಲ್ಲಿ ಮಾಂಸ ಹುಡುಕುತ್ತಿದ್ದರು. ಆಮೇಲೆ ಅಮ್ಮನ ಮುಖ ನೋಡಿದ. ಅಮ್ಮ ಸೌಟು ಹಿಡಿದು ನಿಂತಿದ್ದಳು.

"ಸುಧಾ, ಸುಮ್ಮನಿರು," ಎಂದಳು ಅಮ್ಮ. "ದೇವರ ದೀಪ ಮುಟ್ಟಬೇಡ. ಮುಟ್ಟಿದರೆ ನನ್ನಾಣೆ ಉಂಟು."

ಮಾವ ಊಟ ಮಾಡದೆ ಕೆಳಗೆ ಹೋದ. ನಾನು ಹಿಂದೆಯೇ ಓಡಿದೆ. ರಿಪೇರಿಗೆಂದು ಅಪ್ಪ ಕೊಟ್ಟಿದ್ದ ಕಾರಿನ ಕೀಲಿ ಅವನ ಕಿಸೆಯಲ್ಲೇ ಇತ್ತು. "ಈಗ ಬಿಚ್ಚು ಮಾವ, ಯಾರೂ ಇಲ್ಲ, ಯಾರಿಗೂ ಗೊತ್ತಾಗುದಿಲ್ಲ," ಎಂದು ಅವನ ಕೈ ಜಗ್ಗಿದೆ.

"ಅಕ್ಕ ಆಣೆ ಹಾಕಿದ್ದಾಳಲ್ಲ," ಎಂದ. ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು ಗೇಟಿನ ಕಡೆ ನಡೆದ.

ದೀಪಾವಳಿ ಕಳೆದ ಮೇಲೆ ಆ ಗಾಳಾದಲ್ಲಿ ಮೊಬೈಲ್ ರೀಚಾರ್ಜಿನ ಅಂಗಡಿ ಬಂತು. ವಾಶಿಯ ಕೆಲಸವನ್ನೂ ಮಾವ ಹೆಚ್ಚು ದಿನ ಮಾಡಲಿಲ್ಲ. ತನ್ನ ಅಕ್ಕನ ಕಾರನ್ನೇ ಸರಿಮಾಡಲಾಗದವನು ಎಂದು ದೊಡ್ಡಪ್ಪ ಹೋದಲ್ಲೆಲ್ಲ ಹೇಳಿದ್ದು ನಮ್ಮವರ ಹೋಟೆಲುಗಳನ್ನೆಲ್ಲ ಸುತ್ತಿ ವಾಶಿಯ ಆ ಅಂಗಡಿಗೂ ಮುಟ್ಟಿತ್ತು. ಕೊನೆಗೆ ಡೊಂಬಿವಲಿಯಲ್ಲಿ ದೊಡ್ಡಪ್ಪನ ಪರಿಚಯದವರ ಹೋಟೆಲಿನ ಗಲ್ಲಾದಲ್ಲಿ ಕೂತ. ನಮ್ಮ ಮನೆಗೆ ಭಾನುವಾರ ಬರುವುದು ನಿಂತಿತು. ಕಾರು ಮಾತ್ರ ಕುಂಯ್‌ಗುಡುತ್ತಲೇ ನಮ್ಮನ್ನು ಮದುವೆ, ಮುಂಜಿ, ಆಸ್ಪತ್ರೆಗೆಲ್ಲ ಹೊತ್ತು ತಿರುಗಿತು.

ನಾನು ಕಾಲೇಜಿಗೆ ಹೋಗುವಾಗ ಅಪ್ಪ ಅದನ್ನು ಮಾರಿದರು. ಕಾರು ಮಾರಬಹುದು, ಅದರ ಜೊತೆ ದೇವರನ್ನು ಮಾರಬಾರದಲ್ಲ. ಗಿರಾಕಿ ಬರುವ ಮೊದಲು ಅಪ್ಪನೇ ಸ್ಕ್ರೂ ತೆಗೆದು, ಗಂಟು ಬಿಚ್ಚಿ, ದೀಪವನ್ನು ಕಿತ್ತು ಅಮ್ಮನ ಕೈಗೆ ಕೊಟ್ಟರು. ಅಮ್ಮ ಅದನ್ನು ತೊಳೆದ ಟವೆಲಿನಲ್ಲಿ ಸುತ್ತಿ ಹಿಡಿದುಕೊಂಡಳು. ಗಿರಾಕಿ ಬಂದು ಎಂಜಿನ್ ಚಾಲೂ ಮಾಡಿದ, ಹಾಡು ಹಾಕಿದ, ಎಕ್ಸಿಲರೇಟರನ್ನು ಜೋರಾಗಿ ಒತ್ತಿದ.

ಗುಂಯ್ ಇಲ್ಲ. ಬರೀ ಹಾಡು. ತಾಳದ ಒಂದೊಂದು ಕಿಣಿ ಕೂಡ ಬಿಡಿಬಿಡಿಯಾಗಿ ಕೇಳುತ್ತಿತ್ತು. ಆ ಹಾಡು ಹೀಗಿದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

"ಸೌಂಡ್ ಏಕ್‌ದಮ್ ಕ್ಲಿಯರ್ ಹೈ ಅಣ್ಣಾ. ಕಿಸ್ನೆ ಬಿಠಾಯಾ?" ಯಾರು ಕೂರಿಸಿದ್ದು ಎಂದು ಅವನು ಕೇಳಿದ.

ಅಪ್ಪ ಕಾರಿನ ಟೈರು ನೋಡುತ್ತ, "ಬಜಾರ್ ಮೇ ಕೋಯೀ ಥಾ," ಎಂದರು.

ಬಜಾರಿನಲ್ಲಿ ಯಾರೋ ಒಬ್ಬ! ನನಗೆ ಮೈ ಉರಿದುಹೋಯಿತು. ಅಮ್ಮ ಈಗಲಾದರೂ ಬಾಯಿ ಬಿಡುತ್ತಾಳೆ ಎಂದು ನೋಡಿದೆ. ಅವಳು ಟವೆಲನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲು ಹತ್ತಿ ಹೋದಳು.

ಅದೇ ವಾರ ನಾನೊಬ್ಬಳೇ ಡೊಂಬಿವಲಿಗೆ ಹೋಗಿ ಗಲ್ಲಾದ ಎದುರು ನಿಂತು ಎಲ್ಲ ಹೇಳಿದೆ. ಮಾವನ ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು, ಅಂಗಿ ಸಾಂಬಾರಿನ ವಾಸನೆ ಹೊಡೆಯುತ್ತಿತ್ತು. ತಾನು ಹೇಳಿದ್ದು ಸರಿಯಾಯಿತು ಎಂದು ಅವನೇನೂ ಹಿಗ್ಗಲಿಲ್ಲ.

"ಅಕ್ಕ ಅಲ್ಲಿ ಇದ್ದಳಾ?" ಎಂದು ಕೇಳಿದ.

"ಇದ್ದಳು."

"ಎಂತ ಹೇಳಿದಳು?"

"ಎಂತದೂ ಇಲ್ಲ."

ಅವನು ತಲೆಯಾಡಿಸಿ, ನನ್ನ ಹಿಂದೆ ನಿಂತವನಿಗೆ ಕೂಪನ್ನು ಹರಿದುಕೊಟ್ಟು, ಒಳಗೆ ತಿರುಗಿ ಕೂಗಿದ: "ಎರಡು ಇಡ್ಲಿ, ಒಂದು ವಡೆ!"

ಈಗ ನನ್ನದೇ ಕಾರು ಇದೆ. ಹಾಡು ಕಂಪನಿಯಿಂದಲೇ ಒಳಗೆ ಕೂತು ಬಂದಿದೆ, ಯಾರ ಕೈಯ ಕೆಲಸ ಎಂದು ಕೇಳುವ ಪ್ರಶ್ನೆಯೇ ಇಲ್ಲ. ಗಾಜು ನಡುಗುವುದಿಲ್ಲ, ಕಿವಿ ಹಚ್ಚಲಿಕ್ಕೆ ಮಕ್ಕಳು ಓಡಿಬರುವುದಿಲ್ಲ, ರಾಳದ ವಾಸನೆಯ ಒಬ್ಬ ಮಾವ ಭಾನುವಾರ ಡ್ಯಾಶ್‌ಬೋರ್ಡಿನೊಳಗೆ ತಲೆ ತೂರಿಸಿ ಮಲಗಿರುವುದಿಲ್ಲ. ಮೊನ್ನೆ ಅಮ್ಮನನ್ನು ಕೂರಿಸಿಕೊಂಡು ವಾಶಿಯ ಕಡೆ ಹೋಗುತ್ತಿದ್ದೆ.

"ಎದುರಿಗೆ ಬೋಳು ಬೋಳು ಕಾಣ್ತದೆ," ಎಂದಳು ಅಮ್ಮ. "ಒಂದು ದೇವರ ದೀಪ ಹಾಕಿಸಬಾರದಾ?"

"ಹಾಕಿಸ್ತೇನೆ. ಸುಧಾಕರ ಮಾವನನ್ನು ಕರೆಯಲಾ?"

ಅಮ್ಮ ಕಿಟಕಿಯ ಗಾಜು ಏರಿಸಿದಳು. "ಅವನಿಗೆ ಹೋಟೆಲು ಬಿಟ್ಟು ಬರ್ಲಿಕ್ಕೆ ಪುರುಸೊತ್ತು ಎಲ್ಲುಂಟು?"

"ಹೋಟೆಲು ಬಿಡಲಿಕ್ಕೇ ಅಲ್ವಾ ಅಮ್ಮ, ಅವನು ಅವತ್ತು ಗಾಳಾಕ್ಕೆಂದು ನಿನ್ನ ಹತ್ತಿರ ಬಂದದ್ದು?"

ಅಮ್ಮ ಕೈ ಮುಂದೆ ಚಾಚಿ ಹಾಡಿನ ಸದ್ದು ಹೆಚ್ಚಿಸಿದಳು. ಒಂದು ಚೂರೂ ಗುಂಯ್ ಇರಲಿಲ್ಲ.